ಮುಷ್ಟಿಯೊಳಗಿನ ಚಿಟ್ಟೆಹುಳ

"ಅಮ್ಮ, ಉಪ್ಪಿಟ್ಟು ಬೇಡ. ರವೆ ಓಡಾಡ್ತಿದೆ," ಎಂದಳು ಚೈತನ್ಯ.

ಅಮ್ಮ ಸೌಟು ಕೆಳಗಿಟ್ಟು ಡಬ್ಬಿಯೊಳಗೆ ಬಗ್ಗಿ ನೋಡಿದಳು. ಓಡಾಡುತ್ತಿದ್ದದ್ದು ರವೆಯಲ್ಲ, ರವೆಯೊಳಗಿನ ಸಣ್ಣ ಬಿಳಿ ಹುಳಗಳು. ತೆಳ್ಳಗಿನ ಬಲೆ ಕಟ್ಟಿಕೊಂಡು ರವೆ ಗಂಟುಗಂಟಾಗಿತ್ತು. ಅಷ್ಟರಲ್ಲಿ ಮುಚ್ಚಳದ ಅಂಚಿನಿಂದ ಬೂದು ಬಣ್ಣದ ಚಿಟ್ಟೆಹುಳವೊಂದು ಎದ್ದು, ಅಮ್ಮನ ಮೂಗಿನ ಮುಂದೆಯೇ ಹಾರಿ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಆರಾಮಾಗಿ ಕುಳಿತಿತು.

"ಮೊನ್ನೆ ರಾಗಿಹಿಟ್ಟು, ನೆನ್ನೆ ಕಡಲೆಹಿಟ್ಟು, ಇವತ್ತು ರವೆ," ಎಂದು ಅಮ್ಮ ಒಲೆ ಆರಿಸಿದಳು. "ಅತ್ತೆ, ಸ್ವಲ್ಪ ಬನ್ನಿ ಇಲ್ಲಿ."

ಸೊಣ್ಣಮ್ಮಜ್ಜಿ ಗೋಡೆಗೆ ಕೈ ತಾಗಿಸಿಕೊಂಡು ನಿಧಾನವಾಗಿ ಬಂದಳು. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅತ್ತಿತ್ತ ತಿರುಗಿಸಿದಳು.

"ಏನಾಗಿದೆ ಇದಕ್ಕೆ? ಚೆನ್ನಾಗೇ ಇದೆಯಲ್ಲ. ನೆನ್ನೆ ತಾನೇ ಜರಡಿ ಹಿಡಿದಿದ್ದೀನಿ."

"ಅತ್ತೆ, ಹುಳ ನಿಮ್ಮ ಕಣ್ಮುಂದೇನೇ ಹರೀತಿದೆ."

"ನನ್ನ ಡಬ್ಬೀಲಿ ಹುಳ ಇಲ್ಲ ಕಣಮ್ಮ," ಎಂದು ಅಜ್ಜಿ ಡಬ್ಬಿಯನ್ನು ಎದೆಗವಚಿಕೊಂಡು ಹೊರಟೇಹೋದಳು.

ಅಬ್ಬಾ ಹಠವೇ, ಎಂದುಕೊಂಡಳು ಚೈತನ್ಯ. ಐಸ್‌ಕ್ರೀಮಿಗಾಗಿ ಅವಳೂ ಹಠ ಮಾಡುತ್ತಿದ್ದಳು. ಆದರೆ ಹರಿಯುವ ಹುಳವನ್ನೇ ಇಲ್ಲ ಅನ್ನುವಷ್ಟು ದೊಡ್ಡ ಹಠ ಅವಳಿಗೂ ಬರುತ್ತಿರಲಿಲ್ಲ.

ಸಾರಕ್ಕಿಯ ಆ ಮನೆಯಲ್ಲಿ ಅಡುಗೆಮನೆಯ ಪಕ್ಕಕ್ಕೆ ಒಂದು ಕಿರಿದಾದ ಕೋಣೆ ಇತ್ತು. ಅದಕ್ಕೆ ಸಾಮಾನು ರೂಮು ಎಂದು ಹೆಸರು. ಕನಕಪುರದ ಕಡೆಯ ತನ್ನ ತೌರಿನಿಂದ ಬರುವ ರಾಗಿ, ಅವರೆಕಾಳು, ತೊಗರಿ ಎಲ್ಲವನ್ನೂ ಅಜ್ಜಿ ಅಲ್ಲಿ ತಗಡಿನ ಡ್ರಮ್ಮುಗಳಲ್ಲಿ ತುಂಬಿಡುತ್ತಿದ್ದಳು. ಬೇಳೆಗೆ ಹರಳೆಣ್ಣೆ ಸವರುವುದು, ರಾಗಿಯ ನಡುವೆ ಬೇವಿನ ಸೊಪ್ಪು ಹಾಕುವುದು, ಹಿಟ್ಟು ಜರಡಿ ಹಿಡಿಯುವುದು ಎಲ್ಲ ಅವಳದೇ. ಅಪ್ಪನಿಗೆ ಟೈಲ್ಸ್ ಅಂಗಡಿ ಇತ್ತು, ಅಮ್ಮನಿಗೆ ಆಫೀಸು ಇತ್ತು. ಅಜ್ಜಿಗೆ ಇದ್ದದ್ದು ಆ ರೂಮು ಒಂದೇ.

ಸಂಜೆ ಅಪ್ಪ ಬಂದ ಮೇಲೆ ಅಮ್ಮ ಹೇಳಿಯೇಬಿಟ್ಟಳು. "ಡ್ರಮ್ಮೆಲ್ಲ ಗುಜರಿಗೆ ಹಾಕೋಣ ರೀ. ಫೋನಲ್ಲಿ ಒತ್ತಿದ್ರೆ ಹತ್ತು ನಿಮಿಷಕ್ಕೆ ಹಿಟ್ಟಿನ ಪ್ಯಾಕೆಟ್ ಬರುತ್ತೆ. ಆ ರೂಮಲ್ಲಿ ವಾಷಿಂಗ್ ಮಷೀನ್ ಇಡಬಹುದು."

ಅಜ್ಜಿ ಟಿವಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

ಅಪ್ಪ ದಿನೇಶನದು ಯಾವಾಗಲೂ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ದಾರಿ. "ಭಾನುವಾರದವರೆಗೂ ಟೈಮ್ ಕೊಡೋಣ ಲತಾ," ಎಂದ. "ಅವ್ವ ಎಲ್ಲ ಒಣಗಿಸಿ ಕ್ಲೀನ್ ಮಾಡಲಿ. ಆಮೇಲೂ ಒಂದು ಚಿಟ್ಟೆಹುಳ ಕಂಡ್ರೆ ಡ್ರಮ್ ಕಳಿಸೋಣ."

"ಒಂದೇ ಒಂದು ಕಂಡ್ರೂ," ಎಂದಳು ಅಮ್ಮ.

"ಕಾಣಲ್ಲ ಬಿಡು," ಎಂದಳು ಅಜ್ಜಿ.

ಮರುದಿನ ಬೆಳಿಗ್ಗೆಯೇ ಟೆರೇಸಿನಲ್ಲಿ ಹಳೆಯ ಪಂಚೆಗಳನ್ನು ಹಾಸಿದ್ದಾಯಿತು. ಬೇಸಿಗೆ ರಜೆಯಾದ್ದರಿಂದ ಚೈತನ್ಯಳೇ ಅಜ್ಜಿಯ ಅಸಿಸ್ಟೆಂಟು. ರಾಗಿ, ಅವರೆಕಾಳು, ಅಕ್ಕಿ ಬೇರೆಬೇರೆ ಪಂಚೆಗಳ ಮೇಲೆ ಬಿಸಿಲು ಕಾಯಿಸಿಕೊಂಡವು. ಕಾಗೆ, ಪಾರಿವಾಳ ಓಡಿಸುವುದು ಅವಳ ಡ್ಯೂಟಿ. ಅಜ್ಜಿ ವಾಟರ್ ಟ್ಯಾಂಕಿನ ನೆರಳಲ್ಲಿ ಕುಳಿತು ಮೊರ ಹಿಡಿದಳು. ಕೇರುವ ಸದ್ದಿಗೇ ಒಂದು ತಾಳವಿತ್ತು. ಹೊಟ್ಟು ಅತ್ತ, ಕಾಳು ಇತ್ತ. ಅವಳ ಬೆರಳು ಕಾಳಿನ ಮೇಲೆ ಸುಮ್ಮನೆ ಹರಿದಾಡಿದರೆ ಸಾಕು, ಕಲ್ಲು ತಾನಾಗಿಯೇ ಕೈಗೆ ಬರುತ್ತಿತ್ತು.

"ಸಖತ್ ಅಜ್ಜಿ. ನೋಡದೇನೇ ತೆಗೀತೀಯಲ್ಲ."

"ಕೈಗೆ ಗೊತ್ತಾಗುತ್ತೆ ಕಣೆ," ಎಂದು ಅಜ್ಜಿ ಹೆಮ್ಮೆಯಿಂದ ನಕ್ಕಳು. "ನನ್ನ ಕೈಗುಣ ಅಂದ್ರೆ ಅಷ್ಟು. ಹೋದ ವರ್ಷ ಸೈಕಲ್ಲಿಂದ ಬಿದ್ದು ಹುಬ್ಬಿನ ಮೇಲೆ ಹರ್ಕೊಂಡಿದ್ದೆಯಲ್ಲ, ಅರಿಶಿನ ಒತ್ತಿ ಹಿಡಿದೆ. ಈಗ ನೋಡು, ಗುರುತೂ ಇಲ್ಲ."

ಚೈತನ್ಯ ಹುಬ್ಬು ಮುಟ್ಟಿಕೊಂಡಳು. ಗುರುತು ಇತ್ತು. ಕ್ಲಾಸಿನವರೆಲ್ಲ ಅದನ್ನು ನೋಡಿ ಕೇಳುತ್ತಿದ್ದರು. ಅಜ್ಜಿ ತನ್ನ ಮದ್ದಿನ ಬಡಾಯಿ ಕೊಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡು ಸುಮ್ಮನಾದಳು.

ಆಮೇಲೆ ಗೋಧಿಹಿಟ್ಟಿನ ಸರದಿ. ಅಜ್ಜಿ ಜರಡಿ ಹಿಡಿದು ಹಿಟ್ಟನ್ನು ತಟ್ಟೆಗೆ ಸುರಿದಳು. ಬೆರಳಾಡಿಸಿ ನೋಡಿದಳು. "ಕ್ಲೀನಾಯ್ತು. ಡಬ್ಬಿಗೆ ಹಾಕು."

ಚೈತನ್ಯ ತಟ್ಟೆ ನೋಡಿದಳು. ಹಿಟ್ಟಿನ ಮೇಲೆಯೇ ಬಲೆಯ ಒಂದು ಎಳೆ. ಅದರ ತುದಿಯಲ್ಲಿ ಒಂದು ಹುಳ ತಲೆಯೆತ್ತಿ ಆಡಿಸುತ್ತಿತ್ತು.

ಅವಳು ಆ ಎಳೆಯನ್ನು ಹುಳದ ಸಮೇತ ಎತ್ತಿ ಅಜ್ಜಿಯ ಮುಖದ ಮುಂದೆ ಹಿಡಿದಳು. "ಅಜ್ಜಿ, ಇದೇನು?"

"ಏನಿದೆ? ಬರೀ ಕೈ ತೋರಿಸ್ತಿದ್ದೀಯ."

ಚೈತನ್ಯಳ ಕೈ ಅಲ್ಲೇ ನಿಂತುಬಿಟ್ಟಿತು.

ಒಂದೊಂದೇ ನೆನಪಾಗತೊಡಗಿತು. ಸೂಜಿಗೆ ದಾರ ಪೋಣಿಸು ಅಂತ ಅಜ್ಜಿ ದಿನಾ ಕರೆಯುವುದು. 'ಎಲ್ಲಿ, ನಿಂಗೆ ಓದಕ್ಕೆ ಬರುತ್ತಾ ನೋಡೋಣ' ಎಂದು ಬಸ್ಸಿನ ನಂಬರು ಹೇಳಿಸುವುದು. ಗೇಟಿನ ಹತ್ತಿರ ನಿಂತವರು ಯಾರು ಹೇಳು ನೋಡೋಣ ಎನ್ನುವ ಆಟ. ಗೋಡೆಗೆ ಕೈ ತಾಗಿಸಿಕೊಂಡು ನಡೆಯುವುದು. ಅಜ್ಜಿ ಅವಳ ಜೊತೆ ಆಡುತ್ತಿದ್ದ ಆಟಗಳಲ್ಲಿ ಒಂದೂ ಆಟವಾಗಿರಲಿಲ್ಲ.

"ಅಜ್ಜಿ, ನಿಂಗೆ ಕಾಣ್ಸಲ್ವಾ?"

ಮೊರ ನಿಂತಿತು. "ಮೆಲ್ಲಗೆ ಮಾತಾಡು," ಎಂದಳು ಅಜ್ಜಿ. ಮೊರವನ್ನು ಮಡಿಲಿಗೆ ಎಳೆದುಕೊಂಡಳು. "ಕಾಣುತ್ತೆ. ನೀನು ಕಾಣ್ತೀಯ, ಟ್ಯಾಂಕ್ ಕಾಣುತ್ತೆ. ಸಣ್ಣದೆಲ್ಲ ಮಂಜು ಮಂಜು. ನಿಮ್ಮಮ್ಮನ ಹತ್ರ ಹೇಳ್ಬೇಡ ಕಣೆ. ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಕೈಯಿಂದ ಮೊರ ಕಿತ್ಕೊಂಡು ಕುರ್ಚಿ ಮೇಲೆ ಕೂರಿಸ್ತಾರೆ. ಕೂತ್ಕೊಂಡು ನಾನೇನು ಮಾಡ್ಲಿ?"

"ಹೇಳಲ್ಲ," ಎಂದಳು ಚೈತನ್ಯ.

ಆ ದಿನವೆಲ್ಲ ಅವಳು ಅಜ್ಜಿಗೆ ಕಣ್ಣಾದಳು. ಬಲೆ ಕಟ್ಟಿದ ಹಿಟ್ಟನ್ನೆಲ್ಲ ಎಸೆದಳು. ಖಾಲಿ ಡಬ್ಬಿಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಮುಚ್ಚಳದ ಸಂದಿಯಲ್ಲಿ, ಶೆಲ್ಫಿನ ಮೂಲೆಯಲ್ಲಿ ಹುಳಗಳು ಗೂಡು ಮಾಡಿಕೊಂಡಿದ್ದವು. ಅವನ್ನು ಹಳೆಯ ಟೂತ್‌ಬ್ರಷ್ಷಿನಿಂದ ಕೆರೆದು ತೆಗೆದಳು. ಅಜ್ಜಿ ಹೇಳುತ್ತಿದ್ದಳು, ಅವಳು ಹುಡುಕುತ್ತಿದ್ದಳು. ಕೊನೆಗೆ ಇಬ್ಬರೂ ಸೇರಿ ಡ್ರಮ್ಮುಗಳಿಗೆ ಹೊಸ ಬೇವಿನ ಸೊಪ್ಪು ಹಾಕಿ ಮುಚ್ಚಿದರು.

ಭಾನುವಾರ ಸಂಜೆ ಅಮ್ಮ ಫೋನಿನ ಟಾರ್ಚ್ ಹಾಕಿಕೊಂಡು ಸಾಮಾನು ರೂಮಿಗೆ ಬಂದಳು, ಥೇಟ್ ಪೊಲೀಸಿನವರ ಹಾಗೆ. ಡಬ್ಬಿ ತೆಗೆದಳು, ಡ್ರಮ್ಮಿನೊಳಗೆ ಇಣುಕಿದಳು, ಶೆಲ್ಫಿನ ಹಿಂದೆಯೂ ಬೆಳಕು ಬಿಟ್ಟಳು. ಎಲ್ಲೂ ಏನೂ ಇರಲಿಲ್ಲ.

"ಒಪ್ಪಿದೆ ಅತ್ತೆ," ಎಂದಳು ಅಮ್ಮ. ಅವಳ ದನಿಯಲ್ಲಿ ಈಗ ಕೋಪವಿರಲಿಲ್ಲ. "ಡ್ರಮ್ ಇರಲಿ."

ಬಾಗಿಲ ಬಳಿ ನಿಂತಿದ್ದ ಅಜ್ಜಿಯ ಮುಖ ಅರಳಿತು. ಅದೇ ಹೊತ್ತಿಗೆ ಎಲ್ಲಿತ್ತೋ ಏನೋ, ಬೂದು ಬಣ್ಣದ ಚಿಟ್ಟೆಹುಳವೊಂದು ಹಾರಿ ಬಂದು ಅಜ್ಜಿಯ ಹೆಗಲ ಮೇಲೆ, ಸೆರಗಿನ ಮಡಿಕೆಯಲ್ಲಿ ಕುಳಿತಿತು. ಅಮ್ಮ ಶೆಲ್ಫಿನ ಕಡೆ ತಿರುಗಿದ್ದಳು. ಚೈತನ್ಯ ಅಜ್ಜಿಯನ್ನು ತಬ್ಬುವವಳಂತೆ ಹೋಗಿ ಹುಳವನ್ನು ಮೆಲ್ಲಗೆ ಮುಷ್ಟಿಯೊಳಗೆ ಹಿಡಿದುಕೊಂಡಳು.

ಅದು ಅಂಗೈಯಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು. ಹೊರಗೆ ಹೋಗಿ ಬಿಟ್ಟುಬಂದರೆ ಮುಗಿಯಿತು. ಡ್ರಮ್ಮುಗಳು ಉಳಿಯುತ್ತವೆ, ಕೊಟ್ಟ ಮಾತೂ ಉಳಿಯುತ್ತದೆ.

ಅಜ್ಜಿ ಹೊರಡಲು ತಿರುಗಿದಳು. ಹೊಸ್ತಿಲ ಮುಂದೆ ನಿಂತು, ಬಲಗಾಲನ್ನು ಗಾಳಿಯಲ್ಲಿ ಆಡಿಸಿ, ಹೊಸ್ತಿಲು ಎಲ್ಲಿದೆ ಎಂದು ಹುಡುಕಿದಳು. ನಿನ್ನೆ ಟೆರೇಸಿನ ಮೆಟ್ಟಿಲನ್ನೂ ಅವಳು ಹೀಗೆಯೇ ಇಳಿದಿದ್ದಳು, ತಲೆಯ ಮೇಲೆ ರಾಗಿಯ ಮೊರ ಇಟ್ಟುಕೊಂಡು. ಆ ಮೆಟ್ಟಿಲಿಗೆ ಕಂಬಿಯೂ ಇಲ್ಲ. ಒಂದು ಹೆಜ್ಜೆ ತಪ್ಪಿದ್ದರೆ?

"ಅಮ್ಮ," ಎಂದು ಅವಳು ಮುಷ್ಟಿ ಬಿಚ್ಚಿದಳು. "ಇದು ಅಜ್ಜಿ ಹೆಗಲ ಮೇಲಿತ್ತು. ಅಜ್ಜಿಗೆ ಕಾಣಿಸಲಿಲ್ಲ. ಸಣ್ಣದು ಯಾವುದೂ ಕಾಣಿಸಲ್ಲ."

ಚಿಟ್ಟೆಹುಳ ಅವಳ ಅಂಗೈ ಬಿಟ್ಟು ಹಾರಿ ಡ್ರಮ್ಮಿನ ಮುಚ್ಚಳದ ಮೇಲೆ ಕುಳಿತಿತು. ಅಮ್ಮ ಅದನ್ನು ನೋಡಲೇ ಇಲ್ಲ. ಅವಳು ನೋಡಿದ್ದು ಅಜ್ಜಿಯನ್ನು.

"ಹೇಳ್ಬಿಟ್ಟೆಯಲ್ಲೇ," ಎಂದಳು ಅಜ್ಜಿ. ಬೈದಿದ್ದರೂ ಚೈತನ್ಯಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಮ್ಮ ಅಜ್ಜಿಯ ಕೈ ಹಿಡಿದು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂರಿಸಿದಳು. ತಾನು ನೆಲದ ಮೇಲೆ ಕುಳಿತಳು. "ಯಾವಾಗಿಂದ ಅತ್ತೆ? ನಾನು ಬೇರೆ ನಿಮ್ಮನ್ನ ಏನೇನೋ ಅಂದುಬಿಟ್ಟೆ."

"ಡ್ರಮ್ ಕಳಿಸಿಬಿಡು, ಮೊರಾನೂ ಕಿತ್ಕೊ," ಎಂದಳು ಅಜ್ಜಿ ನೆಲ ನೋಡುತ್ತ. "ಹುಳ ಕಂಡ್ತಲ್ಲ. ಮಾತು ಮಾತೇ."

"ಡ್ರಮ್ ಎಲ್ಲಿಗೂ ಹೋಗಲ್ಲ. ಅಲ್ಲಾ, ಕಣ್ಣು ಸರಿ ಮಾಡಿಸೋದು ಬಿಟ್ಟು ಯಾರಾದ್ರೂ ಮೊರ ಕಿತ್ಕೊಳ್ತಾರಾ?" ಎಂದಳು ಅಮ್ಮ.

ಅಜ್ಜಿ ಆ ರಾತ್ರಿ ಚೈತನ್ಯಳಿಗೆ ಕತೆ ಹೇಳಲಿಲ್ಲ. ಮರುದಿನ ಸೂಜಿಗೆ ದಾರ ಪೋಣಿಸಲೂ ಕರೆಯಲಿಲ್ಲ. ಆಸ್ಪತ್ರೆಗೆ ಹೊರಟಾಗ ಮಾತ್ರ ಆಟೋದೊಳಗೆ ಅವಳ ಕೈಯನ್ನು ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣಿಗೆ ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರು.

ಸ್ಕೂಲು ಶುರುವಾಗುವ ಹೊತ್ತಿಗೆ ಆಪರೇಷನ್ ಮುಗಿದು, ಆಮೇಲೆ ಅಜ್ಜಿ ಹಾಕಿಕೊಂಡಿದ್ದ ಕಪ್ಪು ಕನ್ನಡಕವೂ ಹೋಯಿತು. ಅಜ್ಜಿ ಸಾಮಾನು ರೂಮಿಗೆ ಹೋಗಿ ಪ್ರತಿ ಡಬ್ಬಿಯನ್ನೂ ಕಿಟಕಿಗೆ ಹಿಡಿದು ನೋಡಿದಳು. ಗೋಡೆಯ ಮೇಲಿದ್ದ ಒಂದು ಚಿಟ್ಟೆಹುಳವನ್ನು ಪೊರಕೆಯಿಂದ ತಾನೇ ಹೊಡೆದು, "ಲತಾ, ಒಂದು ಸಿಕ್ತು ನೋಡು," ಎಂದು ಮನೆಯೆಲ್ಲ ಕೇಳುವ ಹಾಗೆ ಕೂಗಿದಳು.

ಆಮೇಲೆ ಜಡೆ ಹಾಕಲು ಚೈತನ್ಯಳನ್ನು ಬಾಗಿಲ ಬೆಳಕಿಗೆ ಕೂರಿಸಿಕೊಂಡಳು. ಕೂದಲು ಹಿಂದಕ್ಕೆ ಸರಿಸಿದ ಕೈ ಹಾಗೆಯೇ ನಿಂತಿತು. ಬೆರಳು ಹುಬ್ಬಿನ ಮೇಲೆ ಮೆಲ್ಲಗೆ ಹರಿಯಿತು.

"ಇದು ಇಷ್ಟುದ್ದ ಉಳಿದಿದೆಯೇನೇ?" ಎಂದಳು ಅಜ್ಜಿ. "ನಾನು ಗುರುತೂ ಇಲ್ಲ ಅಂತಿದ್ದೆ. ನೀನೂ ಸುಮ್ನಿದ್ದೆ."

ಅಂದು ಅಜ್ಜಿ ಹೇಳಿದ್ದು ಬಡಾಯಿಯಲ್ಲ ಎಂದು ಚೈತನ್ಯಳಿಗೆ ಈಗ ಗೊತ್ತಾಯಿತು. ಒಂದು ವರ್ಷದಿಂದ ಅಜ್ಜಿಗೆ ಕಾಣದೇ ಇದ್ದದ್ದು ಹುಳ ಒಂದೇ ಅಲ್ಲ.

ಸ್ಕೂಲಿಗೆ ಹೊತ್ತಾಗುತ್ತಿತ್ತು. ಆದರೂ ಅವಳು ಏಳಲಿಲ್ಲ. ಅಜ್ಜಿಗೆ ಚೆನ್ನಾಗಿ ಕಾಣಲಿ ಎಂದು ಮುಖವನ್ನು ಇನ್ನೂ ಸ್ವಲ್ಪ ಬೆಳಕಿನ ಕಡೆಗೆ ತಿರುಗಿಸಿ ಕುಳಿತಳು.