ಲೆನ್ನಾರ್ಟನ ನಾಲ್ಕು ಮಿಜೆಟ್‌ಗಳು

"ಮೈತ್ರೇಯಿ ಅಕ್ಕ, ನನ್ನ ಉಳಿಸಿ ಅಂತ ಕೇಳೋಕೆ ಬಂದಿಲ್ಲ. ಆವತ್ತು ನಾನು ಹ್ಯಾಂಡ್‌ಬ್ರೇಕ್ ಹಾಕಿದ್ನೋ ಇಲ್ವೋ, ಅದೊಂದು ಹೇಳಿ ಸಾಕು."

ಇಷ್ಟು ಹೇಳಿ ಯೋಗೀಶ ಊರಿಗೆ ವಾಪಸಾಗುವ ವಿಮಾನದ ಟಿಕೆಟ್ಟನ್ನು ಮೇಜಿನ ಮೇಲಿಟ್ಟ. ಭಾನುವಾರದ ಟಿಕೆಟ್ಟು. ಅಂದು ಗುರುವಾರ, 2006ರ ಅಕ್ಟೋಬರ್ ಹನ್ನೆರಡು. ಪೊಲೀಸರು ಕರೆದಾಗ ವಾಪಸ್ ಬರುವುದಾಗಿ ಬರೆದುಕೊಟ್ಟು, ಸ್ವೀಡಿಶ್ ನಗರ ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್ ಬಡಾವಣೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದ.

ಮೈತ್ರೇಯಿ ಪಕ್ಕದ ಮೋಲ್ನ್‌ಡಾಲ್‌ನಲ್ಲಿ ಔಷಧ ಸಂಶೋಧಕಿ. ಮಾತ್ರೆಯೊಳಗೆ ಇರಬಾರದ್ದು ಏನಿದೆ ಎಂದು ಹುಡುಕುವುದು ಅವರ ಕೆಲಸ. ಕಳೆದ ಪಾಸ್‌ಪೋರ್ಟಿನಿಂದ ಮುರಿದ ನಿಶ್ಚಿತಾರ್ಥದವರೆಗೆ, ಗೋಥೆನ್‌ಬರ್ಗ್‌ನ ಕನ್ನಡಿಗರು ತಮ್ಮ ಒಗಟುಗಳನ್ನೆಲ್ಲ ತಂದು ಸುರಿಯುತ್ತಿದ್ದುದು ಅವರ ಮುಂದೆಯೇ. ಅಲ್ಲಿ ಅವರ ಜೊತೆಗಾರ ಗೋಪೀನಾಥನ ಪಾತ್ರವೆಂದರೆ ಕಾರು ಓಡಿಸುವುದು, ಕಾಫಿ ಕುಡಿಯುವುದು, ತಪ್ಪು ಊಹೆ ಮಾಡುವುದು. ಈ ಸಲ ಅವನಿಗೆ ಊಹೆ ಮಾಡಲೂ ಮನಸ್ಸಿರಲಿಲ್ಲ. ಯೋಗೀಶ ಅವನ ಜೊತೆ ಒಂದೇ ಫ್ಲ್ಯಾಟಿನಲ್ಲಿದ್ದವನು. ಮೂರನೆಯವನು ಹರ್ಷ, ಮೈಸೂರಿನ ಹಾಸ್ಟೆಲ್ಲಿನಿಂದಲೂ ಗೋಪೀನಾಥನ ಜೀವದ ಗೆಳೆಯ.

"ಮೊದಲಿಂದ ಹೇಳು. ಪೊಲೀಸರಿಗೆ ಹೇಳಿದ ಹಾಗಲ್ಲ, ನಡೆದ ಹಾಗೆ," ಎಂದರು ಮೈತ್ರೇಯಿ.

ಲೆನ್ನಾರ್ಟ್ ನಿವೃತ್ತ ಮೆಕ್ಯಾನಿಕ್. ಅವನ ಶೆಡ್ಡಿನಲ್ಲಿ ನಾಲ್ಕು ಎಂ.ಜಿ. ಮಿಜೆಟ್‌ಗಳು ಸಾಲಾಗಿ ನಿಂತಿದ್ದವು. ಇಬ್ಬರೇ ಕೂರಬಹುದಾದ, ಮೇಲೆ ತೆರೆದೇ ಇರುವ, ಸೊಂಟದ ಎತ್ತರದ ಆ ಇಂಗ್ಲಿಷ್ ಕಾರು ಹುಟ್ಟಿ ಬೆಳೆದ ಕತೆಯನ್ನು ಪ್ರತಿ ಶನಿವಾರ ಫೀಕಾ ಎನ್ನುವ ಸ್ವೀಡಿಶ್ ಕಾಫಿ ವಿರಾಮದ ಹೊತ್ತಿನಲ್ಲಿ, ದಾಲ್ಚಿನ್ನಿ ಬನ್ನು ಮುರಿಯುತ್ತಾ ಹೇಳುತ್ತಿದ್ದ. ಮೊದಲನೆಯದು 1962ರದು, ಬರೀ ಅಸ್ಥಿಪಂಜರ. 1965ರ ಎರಡನೆಯದಕ್ಕೆ ಏರಿಳಿಸುವ ಗಾಜು, ಬಾಗಿಲಿಗೆ ಹೊರಹಿಡಿ, ಬೀಗ ಬಂದವು. 1973ರದಕ್ಕೆ ಹಿಂಚಕ್ರದ ಕಮಾನು ದುಂಡಗಾಯಿತು. 1975ರದಕ್ಕೆ ಅಮೆರಿಕದ ಕಾನೂನಿಗೆ ಹೆದರಿ ಕಪ್ಪು ರಬ್ಬರಿನ ಬಂಪರ್ ತೊಡಿಸಿ, ಬೇರೆ ಕಂಪನಿಯ ಎಂಜಿನ್ ಕೂರಿಸಿದರು. "ಸುಖ ಸೇರಿಸ್ತಾ ಹೋದರು, ಕಾರನ್ನು ಕಳೀತಾ ಹೋದರು," ಎಂದು ಮುದುಕ ಗೊಣಗುತ್ತಿದ್ದ. ಯೋಗೀಶ ಮೂರು ವರ್ಷ ಶನಿವಾರಗಳನ್ನು ಅಲ್ಲಿಯೇ ಕಳೆದು ಮೊದಲನೆಯದಕ್ಕೆ ಜೀವ ತುಂಬಿದ್ದ. ಪಿಎಚ್‌ಡಿ ಮಾಡುತ್ತಿದ್ದ ಪಾವನಾಳೂ ಬಂದು ಪ್ರತಿ ಬದಲಾವಣೆಯ ಫೋಟೋ ತೆಗೆಯುತ್ತಿದ್ದಳು. ಹರ್ಷನಿಗೆ ಹಳೇ ಕಬ್ಬಿಣ ಕಂಡರಾಗದು. ಅವನು ಬಂದದ್ದು ಆ ಒಂದು ದಿನ ಮಾತ್ರ.

ಆ ದಿನ ಆಯುಧಪೂಜೆ. ಯೋಗೀಶ ಮೊದಲನೆಯ ಮಿಜೆಟ್ಟನ್ನು ಒಳಗೆಲ್ಲ ತೊಳೆದು ಒರೆಸಿ, ಅಂಗಳದ ಇಳಿಜಾರಿನಲ್ಲಿ ಶೆಡ್ಡಿಗೆ ಬೆನ್ನು ಮಾಡಿ ನಿಲ್ಲಿಸಿದ. ಚಪ್ಪಲಿ ಬಿಟ್ಟು, ಆ ಚಳಿಯ ಜಲ್ಲಿಯ ಮೇಲೆ ಬರಿಗಾಲಲ್ಲಿ ನಿಂತು ಅರಿಶಿನ ಕುಂಕುಮ ಹಚ್ಚಿದ, ಸೇವಂತಿಗೆ ಹಾರ ಹಾಕಿದ, ಮುಂದಿನ ಎರಡು ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟ. ನಿಂಬೆಹಣ್ಣಿನ ಮೇಲೆ ಹತ್ತಿಸುವ ಗೌರವ ಕಾರಿನ ಯಜಮಾನನಿಗೇ ಸೇರಬೇಕೆಂದು ತೀರ್ಮಾನವಾಗಿತ್ತು. ಪೂಜೆ ಮುಗಿದು ಒಂದು ಗಂಟೆ ಹರಟಿದರು. ಯೋಗೀಶ ಮತ್ತು ಗೋಪೀನಾಥ ಕಾಫಿ ತರಲು ಅಡುಗೆಮನೆಗೆ ಹೋದರು. ಲೆನ್ನಾರ್ಟ್ ಕಾರಿನ ಹಿಂದೆ ಕುಳಿತು ನಂಬರ್ ಪ್ಲೇಟಿನ ಸ್ಕ್ರೂ ಬಿಗಿಯುತ್ತಿದ್ದ. ಆಗ ಕಾರು ಹಿಂದಕ್ಕೆ ಜಾರಿತು.

ಶೆಡ್ಡಿನ ಕಲ್ಲಿನ ಗೋಡೆಗೂ ಕಾರಿಗೂ ನಡುವೆ ಸಿಕ್ಕಿದ ಮುದುಕ ಮೂರು ದಿನದ ನಂತರ, ಬುಧವಾರ, ಆಸ್ಪತ್ರೆಯಲ್ಲಿ ತೀರಿಕೊಂಡ. ಪೊಲೀಸರು ಮೇಲಿನಿಂದಲೇ ಇಣುಕಿ ಬ್ರೇಕಿನ ಹಿಡಿ ಕೆಳಗಿದೆ ಎಂದು ಬರೆದುಕೊಂಡರು. ಆಂಬುಲೆನ್ಸಿನ ಹಿಂದೆ ಬರಿಗಾಲಲ್ಲೇ ಓಡಿದ್ದ ಯೋಗೀಶ, "ನಾನೇ ನಿಲ್ಲಿಸಿದ್ದು. ಬ್ರೇಕ್ ಹಾಕಿದ ನೆನಪಿಲ್ಲ," ಎಂದುಬಿಟ್ಟ. ಹಾಕಿರಲಿಲ್ಲ ಎಂದು ಅವನೇ ನಂಬಿಬಿಟ್ಟಿದ್ದ.

"ಹೊರಗೆ ಯಾರಿದ್ದರು?"

"ಪಾವನಾ ಶೆಡ್ಡಿನೊಳಗೆ ಫೋಟೋ ತೆಗೀತಿದ್ದೆ ಅಂತಾಳೆ," ಎಂದ ಗೋಪೀನಾಥ. "ಅವಳಿಗೂ ಅಜ್ಜನಿಗೂ ಬೆಳಗ್ಗೆ ಜಗಳ ಆಗಿತ್ತು. ಆ ಕಾರನ್ನ ಪ್ರದರ್ಶನಕ್ಕೆ ಕೊಡಲ್ಲ ಅಂದಿದ್ದರು. ಹರ್ಷ ಗೇಟಿನ ಹತ್ತಿರ ಫೋನಲ್ಲಿದ್ದ. ಪಾಪ, ಓಡಿ ಬಂದು ಬಾಗಿಲ ಹಿಡಿ ಹಿಡಿದು ಜಗ್ಗಿದನಂತೆ. ಲಾಕ್ ಆಗಿತ್ತು, ಕೈ ಜಾರ್ತು ಅಂದ. ಇವತ್ತಿಗೂ ಅದೇ ಕೊರಗು ಅವನಿಗೆ. ಯೋಗೀಶನಿಗೆ ಊಟ ಮಾಡಿಸೋದೂ ಅವನೇ."

ಮರುದಿನ ಮೈತ್ರೇಯಿ ಗೋಪೀನಾಥನ ಜೊತೆ ಶೆಡ್ಡಿಗೆ ಹೋಗಿ, ಅಪಘಾತದ ದಿನದಿಂದ ಹೊದಿಕೆಯಡಿ ಇದ್ದ ಕಾರಿನೊಳಗೆ ಟಾರ್ಚ್ ಹಿಡಿದು ಹತ್ತು ನಿಮಿಷ ಬಗ್ಗಿ ನಿಂತರು. ಪಾವನಾಳ ಕ್ಯಾಮೆರಾ ತರಿಸಿಕೊಂಡು ಅವಳ ಫೋಟೋಗಳನ್ನೂ ನೋಡಿದರು. "ನಾಳೆ ಎಲ್ಲರೂ ಇಲ್ಲಿಗೆ ಬರಲಿ. ಲೆನ್ನಾರ್ಟನ ಮಗಳೂ ಬರಲಿ," ಎಂದರು. ಹೇಳುವಾಗ ಗೋಪೀನಾಥನ ಮುಖವನ್ನು ನೋಡಲಿಲ್ಲ. ಅದು ಅವನಿಗೆ ಅರ್ಥವಾದದ್ದು ಶನಿವಾರ.

ಶನಿವಾರ ಶೆಡ್ಡಿನಲ್ಲಿ ಹರ್ಷ ಯೋಗೀಶನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಮಗಳು ಇಂಗ್ರಿಡ್ ಅಪ್ಪನ ಕುರ್ಚಿಯಲ್ಲಿ ಕುಳಿತಿದ್ದಳು. ಪಾವನಾ ಗೋಡೆಗೆ ಒರಗಿದ್ದಳು, ಎಲ್ಲರ ಅನುಮಾನ ತನ್ನ ಮೇಲೇ ಎಂದು ಅವಳಿಗೆ ಗೊತ್ತಿತ್ತು.

"ಯೋಗೀಶ, ನಿನ್ನ ಪ್ರಶ್ನೆಗೆ ಮೊದಲು ಉತ್ತರ," ಎಂದರು ಮೈತ್ರೇಯಿ. "ನೀನು ಬ್ರೇಕ್ ಹಾಕಿದ್ದೆ. ಹಾಕದೆ ಇದ್ದಿದ್ದರೆ ಆ ಇಳಿಜಾರಲ್ಲಿ ಕಾರು ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ. ಪೂಜೆಯೆಲ್ಲ ಮುಗಿದು ಇನ್ನೊಂದು ಗಂಟೆ ನಿಂತಿತ್ತಲ್ಲ? ಆಮೇಲೆ ಯಾರೋ ಒಳಗೆ ಕೂತು ಬ್ರೇಕ್ ಇಳಿಸಿದ್ದಾರೆ."

"ಅಡುಗೆಮನೆಗೆ ಹೋಗೋ ಮುಂಚೆ ನಾನೇ ಮುಂದಕ್ಕೆ ತಗೊಳ್ಳೋಕೆ ಹತ್ತಿ, ಬ್ರೇಕ್ ಅರ್ಧ ಹಾಕಿ ಇಳಿದ್ನೇನೋ ಅಕ್ಕ, ತಲೆ ಓಡ್ತಿಲ್ಲ."

"ಇಲ್ಲ. ಲೆನ್ನಾರ್ಟ್ ಓಡಿಸಬೇಕು ಅಂತ ಕಾಯ್ತಿದ್ರಿ. ಅಪಘಾತದ ನಂತರದ ಫೋಟೋದಲ್ಲಿ ನಿಂಬೆಹಣ್ಣುಗಳು ಇಟ್ಟಲ್ಲೇ ಇವೆ, ಒಂದೂ ಒಡೆದಿಲ್ಲ. ಇನ್ನೊಂದು, ಪೂಜೆ ಹೊತ್ತಿನ ಫೋಟೋದಲ್ಲಿ ಕಾರಿನೊಳಗಿನ ಮ್ಯಾಟ್ ಲಕಲಕ ಹೊಳೀತಿದೆ. ಈಗ ಅದರ ಮೇಲೆ ಶೂ ಗುರುತಿದೆ, ಅಂಗಳದ ಕೆಸರು ಒಣಗಿ ಕೂತಿದೆ. ನೀನು ಬರಿಗಾಲಲ್ಲಿದ್ದೆ. ಆಮೇಲೆ ಆ ಕಾರನ್ನ ಯಾರೂ ಹತ್ತಿಲ್ಲ, ತಳ್ಳಿಯೇ ಒಳಗಿಟ್ಟಿದ್ದಾರೆ."

"ನಾನು ಬೂಟ್ ಹಾಕಿದ್ದೆ," ಎಂದಳು ಪಾವನಾ ಸಣ್ಣ ದನಿಯಲ್ಲಿ. "ಜ್ವರ ಇತ್ತು, ಬಿಚ್ಚಿರಲಿಲ್ಲ."

"ಗೊತ್ತು. ಫೋಟೋದಲ್ಲಿ ಹರ್ಷನ ಕಾಲಲ್ಲೂ ಶೂ ಇದೆ. ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದ್ದೀರಿ." ಮೈತ್ರೇಯಿ ಕಾರಿನ ಹೊದಿಕೆ ಎಳೆದರು. "ಹರ್ಷ, ನೀನು ಜಗ್ಗಿದ ಹಿಡಿ ತೋರಿಸಪ್ಪ."

ಹರ್ಷ ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. ಕೆಂಪು ಬಾಗಿಲು ನುಣ್ಣಗಿತ್ತು. ಹಿಡಿಯೂ ಇಲ್ಲ, ಬೀಗವೂ ಇಲ್ಲ.

"ಮೊದಲ ಮಾದರಿಗೆ ಹೊರಗೆ ಹಿಡಿಯೇ ಇಲ್ಲ. ಬಾಗಿಲ ಮೇಲಿಂದ ಕೈ ಇಳಿಬಿಟ್ಟು ಒಳಗಿಂದ ತೆಗೀಬೇಕು. ಹಿಡಿ ಬಂದದ್ದು ಎರಡನೆಯದಕ್ಕೆ. ಈ ಪಾಠವನ್ನ ಲೆನ್ನಾರ್ಟ್ ಇವರಿಗೆಲ್ಲ ನೂರು ಸಲ ಹೇಳಿದ್ದ. ಕೇಳದವನು ನೀನೊಬ್ಬ. ನೀನು ಓಡಿ ಬಂದು ಜಗ್ಗಲಿಲ್ಲ. ನೀನು ಒಳಗಿದ್ದೆ."

ಆ ಸುಳ್ಳನ್ನು ಪೊಲೀಸರಿಗೆ ಸ್ವೀಡಿಶ್‌ನಲ್ಲಿ ವಿವರಿಸಿದ್ದು ಗೋಪೀನಾಥನೇ. ಗೆಳೆಯನ ಮಾತೆಂದು ಒಂದು ಸಲವೂ ಯೋಚಿಸಿರಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಆರ್ಕುಟ್‌ಗೆ ಒಂದು ಫೋಟೋ ಬೇಕಿತ್ತು," ಎಂದ ಹರ್ಷ. "ಫೋನಲ್ಲಿ ನಾನೇ ತಗೊಳ್ಳೋಣ ಅಂತ ಕೂತೆ. ಆ ಹಿಡಿಯ ಗುಂಡಿ ಒತ್ತಿದೆ, ಸುಮ್ಮನೆ. ಅಜ್ಜ ಹಿಂದೆ ಇದ್ದದ್ದು ಗೊತ್ತಿರಲಿಲ್ಲ, ದೇವರಾಣೆ. ಜಾರ್ತಿದ್ದ ಹಾಗೆ ಭಯ ಆಗಿ ಹಾರಿಬಿಟ್ಟೆ."

"ಹಾರೋ ಬದಲು ಅದೇ ಹಿಡಿಯನ್ನ ಒಂದು ಸಲ ಮೇಲೆತ್ತಿದ್ದರೆ ಸಾಕಿತ್ತು," ಎಂದರು ಮೈತ್ರೇಯಿ.

ಇಂಗ್ರಿಡ್‌ಗೆ ಕನ್ನಡ ತಿಳಿಯದು. ಪಾವನಾ ಅವಳ ಪಕ್ಕ ಕುಳಿತು ಎಲ್ಲವನ್ನೂ ಮೆಲ್ಲಗೆ ಹೇಳಿದಳು. ಇಂಗ್ರಿಡ್ ಮುಖ ಮುಚ್ಚಿಕೊಂಡು ಅತ್ತಳು.

ಯೋಗೀಶ ಕೂಗಾಡಲಿಲ್ಲ. ಹೆಗಲ ಮೇಲೆ ಹರ್ಷ ಕೈಯಿಟ್ಟಿದ್ದ ಜಾಗವನ್ನು ಒರೆಸಿಕೊಂಡು ಹೇಳಿದ: "ನೀನು ಹೆದರಿ ಹಾರಿದ್ದನ್ನ ಕ್ಷಮಿಸ್ತೀನಿ ಕಣೋ, ನಾನಿದ್ರೂ ಹಾರ್ತಿದ್ನೇನೋ. ಆದ್ರೆ ಹದಿಮೂರು ದಿನ ನಾನು ಕೊಲೆಗಾರ ಅಂತ ಅಳ್ತಿದ್ದಾಗ ನೀನು ಪಕ್ಕದಲ್ಲೇ ಕೂತು ಅನ್ನ ಕಲಸಿ ಕೊಟ್ಟೆ. 'ಬಿಡು, ಯಾರಿಗಾದ್ರೂ ಆಗ್ಬಹುದು' ಅಂದೆ. ಅದನ್ನ ಕ್ಷಮಿಸೋಕೆ ಆಗಲ್ಲ."

ಇರು, ಈ ಕಾರುಗಳನ್ನು ನೋಡಿಕೋ ಎಂದು ಇಂಗ್ರಿಡ್ ಕೇಳಿಕೊಂಡಳು. ಯೋಗೀಶ ಆಗದೆಂದು ತಲೆಯಾಡಿಸಿದ. ಮರುದಿನ ಹೊರಟೇಹೋದ.

ಸೋಮವಾರ ಹರ್ಷನನ್ನು ಪೊಲೀಸ್ ಠಾಣೆಗೆ ಕರೆದೊಯ್ದವನು ಗೋಪೀನಾಥನೇ. ಒಳಗೆ ಬಾ ಎಂದು ಹರ್ಷ ಬೇಡಿಕೊಂಡ, ಇವನು ಹೋಗಲಿಲ್ಲ. ಹೊರಗಿನ ಬೆಂಚಿನಲ್ಲಿ ಎರಡು ಗಂಟೆ ಕುಳಿತ. ಕೊನೆಗೆ, ಪೊಲೀಸರು ಹೇಳಿಕೆ ಬರೆದುಕೊಂಡು ಸದ್ಯಕ್ಕೆ ಬಿಟ್ಟ ಮೇಲೆ, ಹರ್ಷ ಹೊರಬಂದು, ಗೋಪೀ, ಮನೆಗೆ ಹೋಗೋಣ್ವಾ ಎಂದು ಕೇಳಿದಾಗ, ಯಾವ ಮನೆಗೆ ಎಂದು ಗೋಪೀನಾಥನಿಗೆ ನಿಜವಾಗಿಯೂ ತಿಳಿಯಲಿಲ್ಲ.