ವೃಶ್ಚಿಕ ರಾಶಿಯ ಆರನೇ ಸಾಲು

“ಈ ಆರನೇ ಸಾಲು ಬರೆದೋರು ಯಾರು?”

ತ್ಯಾಗರಾಜನಗರದ ಆ ಪುಟ್ಟ ಜಾತಕದ ಅಂಗಡಿಯಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮದುವೆ ಯಾವಾಗ, ಕೆಲಸ ಯಾವಾಗ, ಶನಿಕಾಟ ಮುಗಿಯುವುದು ಯಾವಾಗ... ಜನ ಕೇಳುವುದು ಇಷ್ಟೇ.

ಕಂಪ್ಯೂಟರ್ ಮುಂದೆ ಕೂತಿದ್ದ ಸುಶ್ರುತ ತಲೆಯೆತ್ತಿದ. ಇಪ್ಪತ್ತೆಂಟರ ಆಸುಪಾಸಿನ ಹುಡುಗಿ. ಮುಖದಲ್ಲಿ ಕೋಪವಿಲ್ಲ, ದುಃಖವೂ ಇಲ್ಲ. ಅವಳು ಚಾಚಿದ ಹಾಳೆಯನ್ನು ತೆಗೆದುಕೊಂಡು ಓದಿದ.

ಹಂಸಾ. ಅನೂರಾಧಾ ನಕ್ಷತ್ರ, ವೃಶ್ಚಿಕ ರಾಶಿ. ಕೆಳಗೆ ರಾಶಿಗುಣ. ಅದರ ಆರನೇ ಸಾಲು: ‘ತಮ್ಮವರ ಕಷ್ಟಕ್ಕೂ ಕಣ್ಣೀರು ಹಾಕದ ಕಲ್ಲೆದೆಯವರು, ಪ್ರೀತಿ ಇವರಿಗೆ ಒಲಿಯದು.’

“ಯಾಕೆ ಮೇಡಂ? ಏನಾದ್ರೂ ತಪ್ಪಾಗಿದ್ಯಾ?”

“ಇದು ನಿಜಾನಾ ಅಂತ ತಿಳ್ಕೋಬೇಕಿತ್ತು.”

ಹಂಸಾಳ ತಾಯಿ ಚೂಡಾಮಣಿ ತೀರಿಕೊಂಡು ಆರು ತಿಂಗಳಾಗಿತ್ತು. ಅಪ್ಪ ಅವಳ ಬಾಲ್ಯದಲ್ಲೇ ಹೋಗಿದ್ದರು. ಮನೆಯಲ್ಲಿದ್ದದ್ದು ತಾಯಿ, ಮಗಳು ಇಬ್ಬರೇ. ಹಾಗಿದ್ದೂ ಹಂಸಾ ಅಳಲಿಲ್ಲ. ಆಸ್ಪತ್ರೆಯಲ್ಲಿ ಅಳಲಿಲ್ಲ, ವೈಕುಂಠ ಸಮಾರಾಧನೆಯ ದಿನವೂ ಅಳಲಿಲ್ಲ. ಬಂದವರಿಗೆಲ್ಲ ಎಲೆ ಹಾಕಿ ಬಡಿಸಿದಳು. ನೆಂಟರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ವರ್ಷ ತುಂಬುವುದರೊಳಗೆ ಅಕ್ಕನ ಮಗಳ ಮದುವೆ ಮಾಡಬೇಕೆಂದು ಹೊರಟ ವಿಮಲಾ ಚಿಕ್ಕಮ್ಮ ಈ ಅಂಗಡಿಯಲ್ಲೇ ಜಾತಕ ತೆಗೆಸಿದ್ದರು. ಆರನೇ ಸಾಲನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, “ನೋಡಿ, ಬರ್ದೇ ಇದೆ. ಪಾಪ, ಅವಳ ತಪ್ಪಲ್ಲ” ಎಂದಿದ್ದರು.

ಹೌದೇನೋ ಎಂದು ಹಂಸಾಳಿಗೂ ಅನ್ನಿಸಿತ್ತು. ‘ನಾನು ಹುಟ್ಟಿದ್ದೇ ಹೀಗಾ? ನನಗೆ ಯಾರ ಮೇಲೂ ಪ್ರೀತಿ ಬರೋದೇ ಇಲ್ವಾ?’ ಅವಳಿಗೆ ಬೇಕಿದ್ದದ್ದು ಅದೊಂದೇ ಉತ್ತರ.

ಸುಶ್ರುತನ ಕಿವಿ ಕೆಂಪಾಯಿತು.

“ಮೇಡಂ... ಬರ್ದಿದ್ದು ನಾನೇ. ಪಿಯುಸಿಲಿದ್ದಾಗ.”

“ನೀವು ಜ್ಯೋತಿಷಿನಾ?”

“ನಮ್ಮಪ್ಪ ಶಾಮಣ್ಣ ಅವ್ರು ಜ್ಯೋತಿಷಿ. ಹನ್ನೆರಡು ರಾಶಿ ಗುಣಾನೂ ಹಳೇ ಪುಸ್ತಕ ನೋಡಿ ಟೈಪ್ ಮಾಡು ಅಂದಿದ್ರು. ವೃಶ್ಚಿಕದ ಹಾಳೆ ಅರ್ಧ ಹರಿದುಹೋಗಿತ್ತು. ಪದ್ಮನಾಭನಗರದಲ್ಲಿ ನಮ್ಮ ಮ್ಯಾಥ್ಸ್ ಟ್ಯೂಷನ್ ಮೇಷ್ಟ್ರದ್ದು ವೃಶ್ಚಿಕ ರಾಶಿ. ಅದೇ ವಾರ ನನ್ನನ್ನ ಕ್ಲಾಸಿಂದ ಆಚೆ ಹಾಕಿದ್ರು. ಆ ಸಿಟ್ಟಲ್ಲಿ ಅವರ ಬಗ್ಗೆ ಬರ್ದೆ.”

ಅಂದರೆ ಹದಿಮೂರು ವರ್ಷಗಳಿಂದ ಈ ಭಾಗದ ವೃಶ್ಚಿಕ ರಾಶಿಯವರೆಲ್ಲ ಒಬ್ಬ ಟ್ಯೂಷನ್ ಮೇಷ್ಟ್ರ ಮೇಲಿನ ಸಿಟ್ಟನ್ನು ತಮ್ಮ ಹಣೆಬರಹ ಅಂದುಕೊಂಡಿದ್ದರು. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು, ಇಲ್ಲವೇ ಬಿದ್ದು ಬಿದ್ದು ನಗುತ್ತಿದ್ದರು. ಹಂಸಾ ಎರಡನ್ನೂ ಮಾಡಲಿಲ್ಲ.

“ಹಾಗಾದ್ರೆ ನನ್ನ ಬಗ್ಗೆ ಅಲ್ಲ,” ಎಂದಳು.

“ಅಲ್ಲ. ಬದಲಾಯಿಸ್ತೀನಿ. ಏನು ಬರೀಲಿ, ನೀವೇ ಹೇಳಿ.”

“ನನಗೆ ಗೊತ್ತಿಲ್ಲ.”

“ಶನಿವಾರ ಬನ್ನಿ. ಗೊತ್ತಾದಷ್ಟು ಹೇಳಿ.”

ಯಾಕೆ ಹೋಗಬೇಕು ಎಂದು ಅವಳು ಯೋಚಿಸಲಿಲ್ಲ. ಆ ಶನಿವಾರ ಹೋದಳು. ಮುಂದಿನ ಶನಿವಾರವೂ ಹೋದಳು. ಅವಳು ಚಿಕ್ಕಲಸಂದ್ರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಸೂಜಿಗೆ ಹೆದರುವ ಅಜ್ಜಿಯರು ಅವಳನ್ನೇ ಕೇಳಿಕೊಂಡು ಬರುತ್ತಾರೆ ಎಂಬುದು ಅವನಿಗೆ ಎರಡನೇ ವಾರ ತಿಳಿಯಿತು. ಅವನು ತರಿಸುವ ಕಾಫಿಗೆ ಸಕ್ಕರೆ ಜಾಸ್ತಿ ಎಂಬುದು ಅವಳಿಗೂ ತಿಳಿಯಿತು. ಆದರೆ ಹೇಳಲಿಲ್ಲ, ಕುಡಿದಳು.

ಒಂದು ಸಂಜೆ ಅವನು ಮೆಲ್ಲಗೆ ಕೇಳಿದ.

“ಅಮ್ಮ ಹೋದ ದಿನ... ಏನು ಮಾಡಿದ್ರಿ?”

“ಫೋನ್ ಮಾಡ್ಬೇಕಾದೋರಿಗೆಲ್ಲ ಮಾಡಿದೆ. ಹಾಲಿನವರಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಅಂದೆ.” ಸ್ವಲ್ಪ ಯೋಚಿಸಿದಳು. “ಅಮ್ಮ ಎಡಗಡೆ ಬೈತಲೆ ತೆಗೀತಿದ್ರು. ಆಸ್ಪತ್ರೆಯವರು ನಡುವೆ ತೆಗೆದಿದ್ರು. ನೋಡೋಕೆ ಬೇರೆ ಯಾರೋ ಥರ ಇತ್ತು. ಅದನ್ನ ಸರಿ ಮಾಡಿದೆ.”

ಸುಶ್ರುತ ಪೆನ್ನು ಕೆಳಗಿಟ್ಟ. ಆವತ್ತು ಅವನಿಂದ ಮತ್ತೆ ಒಂದಕ್ಷರವನ್ನೂ ಬರೆಯಲಾಗಲಿಲ್ಲ.

ಅದಾಗಿ ಹತ್ತು ದಿನಕ್ಕೆ ವಿಮಲಾ ಚಿಕ್ಕಮ್ಮ ಬನಶಂಕರಿಯಿಂದ ಬಂದರು. ಹೊಸ ಸಂಬಂಧಕ್ಕೆ ಕೊಡಲು ಅದೇ ಅಂಗಡಿಯಲ್ಲಿ ಹಂಸಾಳ ಜಾತಕದ ಇನ್ನೊಂದು ಪ್ರತಿ ತೆಗೆಸಿದ್ದರು. ಕನ್ನಡಕ ಏರಿಸಿ ಓದಿದರು.

“‘ಇವರ ಕಣ್ಣೀರು ಹುಡುಕಬೇಡಿ, ಕೈಗಳನ್ನು ನೋಡಿ. ಕಣ್ಮುಚ್ಚಿದ ತಾಯಿಯ ಬೈತಲೆಯನ್ನೂ ಸರಿಮಾಡಿ ಕಳಿಸುವವರು. ಇವರ ಪ್ರೀತಿ ಸಿಕ್ಕವರು ಪುಣ್ಯವಂತರು.’ ಇದೇನೇ ಹಂಸಾ? ರಾಶಿಗುಣದಲ್ಲಿ ಬೈತಲೆ ಎಲ್ಲಿಂದ ಬಂತು?”

ಹಂಸಾ ಹಾಳೆ ಕಸಿದುಕೊಂಡಳು. ಅವನೊಬ್ಬನಿಗೇ ಹೇಳಿದ ಮಾತು! ಅದನ್ನು ಅವನು ಅಚ್ಚು ಹಾಕಿ ಹಂಚುತ್ತಿದ್ದಾನೆ. ಇನ್ನು ಊರಿನ ವೃಶ್ಚಿಕದವರ ಮನೆಗಳಲ್ಲೆಲ್ಲ ಅಮ್ಮನ ಬೈತಲೆಯ ಮಾತು. ‘ಅವನಿಗೆ ಬೇಕಿದ್ದದ್ದು ನಾನಲ್ಲ, ಒಂದು ಪ್ಯಾರಾ.’

ಚಿಕ್ಕಮ್ಮ ಅವಳನ್ನೇ ನೋಡುತ್ತಿದ್ದರು. “ಅಕ್ಕನ ಬೈತಲೆ... ನೀನಾ ಸರಿ ಮಾಡಿದ್ದು?” ಎಂದರು. ಹಂಸಾ ಹಾಳೆ ಹಿಡಿದುಕೊಂಡೇ ಒಳಗೆ ಹೋದಳು.

ಮೂರು ಶನಿವಾರ ಅವಳು ತ್ಯಾಗರಾಜನಗರದ ಕಡೆ ಸುಳಿಯಲಿಲ್ಲ. ಅವನ ಫೋನ್ ಎತ್ತಲಿಲ್ಲ.

ನಾಲ್ಕನೇ ವಾರ, ಮಂಗಳವಾರ ಬೆಳಗ್ಗೆ ಎಂಟೂವರೆಗೆ ಲ್ಯಾಬಿನ ಕುರ್ಚಿಯಲ್ಲಿ ಸುಶ್ರುತ ತೋಳು ಮಡಚಿಕೊಂಡು ಕೂತಿದ್ದ.

“ಯಾವ ಟೆಸ್ಟು?” ಹಂಸಾ ಚೀಟಿ ನೋಡುತ್ತ ಕೇಳಿದಳು.

“ಶುಗರ್. ಖಾಲಿ ಹೊಟ್ಟೆಲಿ ಬಂದಿದ್ದೀನಿ. ಬೇರೆ ಹೇಗೂ ನೀವು ಮಾತಾಡಲ್ಲ.”

ಅವಳು ತೋಳಿಗೆ ಪಟ್ಟಿ ಬಿಗಿದಳು. ಸ್ವಲ್ಪ ಜಾಸ್ತಿಯೇ ಬಿಗಿದಳು.

“ಅದು ನಿಮ್ಮ ಜಾತಕದಲ್ಲಿ ಮಾತ್ರ ಇದೆ ಹಂಸಾ. ಬೇರೆ ವೃಶ್ಚಿಕದವರಿಗೆ ಬೇರೆ ಸಾಲು. ನಿಮ್ಮನ್ನ ನೋಡೋಕೆ ಬರೋರು ಕಲ್ಲು ಅಂದ್ಕೊಂಡು ಎದ್ದು ಹೋಗ್ಬಾರ್ದು ಅಂತ ಬರ್ದೆ.”

“ಅವ್ರು ಓದಿ ಒಪ್ಪಿಬಿಟ್ಟಿದ್ರೆ?”

“ಅದು ಹೊಳೆದಿದ್ದು ಪ್ರಿಂಟ್ ಕೊಟ್ಟ ಮೇಲೆ.” ಅವನು ತಲೆ ತಗ್ಗಿಸಿದ. “ಮೂರು ವಾರದಿಂದ ನಿದ್ದೆ ಇಲ್ಲ.”

“ನನ್ನನ್ನ ಒಂದು ಮಾತು ಕೇಳ್ಬೇಕಿತ್ತು. ಅದು ನಮ್ಮಮ್ಮನ ವಿಷಯ.”

“ಹೌದು. ತಪ್ಪಾಯ್ತು. ಆ ಸಾಲು ತೆಗೆದುಬಿಟ್ಟೆ.”

“ನನಗೆ ತುಂಬಾ ಕೋಪ ಬಂದಿತ್ತು ನಿಮ್ಮ ಮೇಲೆ...” ಎಂದಳು. ಎಂಟು ತಿಂಗಳಲ್ಲಿ ತನಗೆ ಅಳುವೋ ಕೋಪವೋ ಏನಾದರೂ ಬಂದಿದ್ದು ಇದೇ ಮೊದಲು ಎಂಬುದು ಆಗ ಹೊಳೆಯಿತು.

ರಕ್ತ ತೆಗೆದು ಹತ್ತಿ ಒತ್ತಿದಳು. ಅವನಿಗೆ ನೋವಾಗಲಿಲ್ಲ.

“ನಂಗೆ ನೀವು ಇಷ್ಟ ಹಂಸಾ. ಅಷ್ಟೇ ಹೇಳೋಕೆ ಬಂದೆ.”

“ಯಾರಾದ್ರೂ ಹೀಗೆ ಹೇಳಿದ್ರೆ ಹುಡುಗೀರಿಗೆ ಏನೇನೋ ಆಗುತ್ತಂತೆ. ನನಗೆ ಏನೂ ಆಗ್ತಿಲ್ಲ. ಸುಳ್ಳು ಹೇಳಲ್ಲ.”

“ಪರವಾಗಿಲ್ಲ.”

“ತುಂಬಾ ದಿನ ಹೀಗೇ ಇರ್ಬಹುದು.”

“ಇರ್ಲಿ.”

“ಆದ್ರೆ... ಈ ಮೂರು ಶನಿವಾರ ಮನೇಲೇ ಇದ್ದೆ. ಎಷ್ಟೊತ್ತಾದ್ರೂ ಸಂಜೆ ಆಗ್ತಾನೇ ಇರ್ಲಿಲ್ಲ.”

ಹೊರಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಇನ್ನೂ ಎಷ್ಟು ಹೊತ್ತಮ್ಮ ಎಂದು ಇಣುಕಿದರು. ಹಂಸಾ ಅವನ ತೋಳು ಬಿಡಲಿಲ್ಲ.

“ಹತ್ತೂವರೆಗೆ ನಂಗೆ ತಿಂಡಿಗೆ ಬಿಡ್ತಾರೆ,” ಎಂದಳು. “ಎಂಟು ತಿಂಗಳಿಂದ ಒಬ್ಬಳೇ ತಿಂತಿದ್ದೀನಿ.”

“ಮತ್ತೆ... ಇವತ್ತು?”

“ಇವತ್ತು ಒಬ್ಬಳೇ ಬೇಡ ಅನ್ನಿಸ್ತಿದೆ.”