ಉಸಿರಿಗೆ ಜಾಗ ಬಿಡದ ಸಂಗೀತ

ಕ್ಲಾರಿನೆಟ್ ನಿಂತೇಹೋಯಿತು.

ಕೊಪ್ಪದ ವೇದಿಕೆಯ ಮೇಲೆ ಉಳಿದ ವಾದ್ಯಗಳೂ ಒಂದರ ಹಿಂದೆ ಒಂದು ತಡವರಿಸಿ ಸುಮ್ಮನಾದವು. ರೇಖಾ ವಾದ್ಯವನ್ನು ತುಟಿಯಿಂದ ತೆಗೆದು, ಏದುಸಿರು ಬಿಡುತ್ತಾ, ಎದುರಿಗೆ ಕೈ ಎತ್ತಿ ನಿಂತಿದ್ದ ಬಸವೇಶನನ್ನೇ ನೋಡಿದಳು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು.

ದಿಬ್ಬಣಗಳಲ್ಲಿ ಸಿನಿಮಾ ಹಾಡು ಊದುವ ರೇಖಾಳ ಬ್ಯಾಂಡಿಗೆಂದೇ ಶಾಲೆಯ ಸಂಗೀತ ಮೇಷ್ಟ್ರು ಬಸವೇಶ ಬರೆದ ಹೊಸ ಪೀಸ್, ಹೊಸ ರಚನೆ, ಅದು. ಯಾವ ಹಾಡಿನ ಹಾಗೂ ಇರಬಾರದು, ಇವತ್ತಿನದಾಗಿರಬೇಕು ಎಂಬುದು ಅವನ ಹಟ. ಮರ್ಯಾದೆ ಹೋಗುತ್ತದೆಂದು ಹೆದರಿ ಅವನು ಮೈಕಿಗೆ ಬಗ್ಗಿ ನಕ್ಕ.

"ಪೀಸ್ ಸರಿಯಾಗೇ ಇದೆ. ನಮ್ಮ ಹುಡುಗಿಗೆ ಪ್ರಾಕ್ಟೀಸ್ ಸಾಲದು."

ಸಭೆಯೂ ನಕ್ಕಿತು. ರೇಖಾ ಕ್ಲಾರಿನೆಟ್ಟನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದು ಹೋದಳು.

ಮರುದಿನ ಬೆಳಿಗ್ಗೆ, ಅಭ್ಯಾಸದ ಕೋಣೆಯಲ್ಲಿ, ಬಸವೇಶ ಅದೇ ಕ್ಲಾರಿನೆಟ್ ಊದಿ ನೋಡಿದ. ಎರಡನೇ ಸಾಲು ಮುಗಿಯುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿಯಿತು. ಅವನು ಬರೆದದ್ದೆಲ್ಲ ಕೀಬೋರ್ಡಿನಲ್ಲಿ. ಬೆರಳು ಒತ್ತಿದಷ್ಟು ಹೊತ್ತೂ ಅದು ಕೂಗುತ್ತದೆ. ಅದಕ್ಕೆ ಉಸಿರು ಬೇಕಿಲ್ಲ.

ಅಭ್ಯಾಸದ ದಿನಗಳಲ್ಲೇ ರೇಖಾ ಅವನನ್ನು ಕೇಳಿದ್ದಳು. ಕಣ್ಣಂಚಿನಲ್ಲಿ ನಗು ಇಟ್ಟುಕೊಂಡು, "ಉಸಿರು ಎಲ್ಲಿ ತಗಳದು ಮಾರಾಯ್ರೆ?" ಎಂದಿದ್ದಳು. ಚೇಷ್ಟೆಯೆಂದುಕೊಂಡು ಅವನು, "ನನ್ನ ಮುಖ ನೋಡ್ತಾ ಊದು, ತಾನಾಗೇ ಬರ್ತದೆ. ಒಂದು ಸ್ವರನೂ ಬಿಡಬೇಡ ಮತ್ತೆ" ಎಂದಿದ್ದ. ಕೆನ್ನೆ ಕೆಂಪಾಗಿಸಿಕೊಂಡು ಅವಳು ಅವನ ಮಾತನ್ನು ನಂಬಿದ್ದಳು. ನೆನೆದರೆ ಅವನಿಗೆ ಭೂಮಿಗಿಳಿದು ಹೋಗುವಂತಾಯಿತು.

ಪೆಟ್ಟಿಗೆ ಹಿಡಿದು ಅವನು ಬಸ್ ಸ್ಟಾಪಿಗೆ ಓಡಿದಾಗ ಅವಳು ಹರಿಹರಪುರದ ಬಸ್ಸಿಗೆ ಕಾಯುತ್ತಿದ್ದಳು.

"ಎಂತ ಸಾರ್, ಪ್ರಾಕ್ಟೀಸ್ ಮಾಡ್ಸಕ್ಕೆ ಬಂದ್ರಾ?"

"ತಪ್ಪು ನಂದು ರೇಖಾ. ಊದಿ ನೋಡ್ದೆ. ಸತ್ತೇಹೋಗ್ತಿದ್ದೆ."

ಅವಳು ನಗು ತಡೆದುಕೊಂಡಳು; ತುಟಿಯ ಒಂದು ಮೂಲೆ ಮಾತ್ರ ಮಾತು ಕೇಳಲಿಲ್ಲ. ಅಷ್ಟಕ್ಕೇ ಬಸವೇಶನಿಗೆ ಧೈರ್ಯ ಬಂತು. ಕ್ಲಾರಿನೆಟ್ ಪೆಟ್ಟಿಗೆಯನ್ನು ಅವಳ ಕೈಗಿತ್ತ.

"ಪೀಸ್ ತಿದ್ತೀನಿ. ಭಾನುವಾರ ನರಸಿಂಹರಾಜಪುರದಲ್ಲಿ ಮತ್ತೆ ನುಡಿಸೋಣ. ಶುರು ನಿಂದೇ, ಒಬ್ಬಳದೇ."

"ಮೈಕಲ್ಲಿ ಎಂತ ಹೇಳ್ತೀರಿ?"

"ರೇಖಾ ಜೊತೆ ಸೇರಿ ಬರೆದದ್ದು ಅಂತ."

"ನಾ ಎಲ್ಲಿ ಬರ್ದೆ? ಅಪ್ಪಯ್ಯ ಕಲ್ಸಿದ್ದು ಊದದು. ಅದೂ ಬರಲ್ಲ ಅಂತ ಊರೆಲ್ಲ ಆಡ್ಕೊಂತಿದೆ. ಈಗ ನಂಗೆ ಹೇಳಿದ್ರಲ್ಲ, ತಪ್ಪು ನಂದು ಅಂತ, ಅದನ್ನೇ ಅಲ್ಲಿ ಹೇಳಿ."

ಬಸವೇಶ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ. "ನಮ್ಮಪ್ಪ ಬಂದಿರ್ತಾರೆ. ಶಾಲೆಯೋರೆಲ್ಲ ಇರ್ತಾರೆ. ಅಷ್ಟು ಜನರ ಎದುರಿಗೆ..."

"ನಿನ್ನೆನೂ ಜನ ಇದ್ರು."

ಅವನ ಕಿವಿ ಸುಟ್ಟಿತು. ಹೇಳುತ್ತೇನೆ ಎಂಬ ಒಂದು ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಕೂತಿತು. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿದಾಗ ಬಾಯಿಗೆ ಬಂದದ್ದು ಬೇರೆಯದೇ.

"ನನ್ನ ಮದುವೆ ಆಗು ರೇಖಾ. ನಿಜವಾಗ್ಲೂ. ನೀನಿಲ್ದೆ ನಂಗೆ ಆಗಲ್ಲ. ಇವತ್ತೇ ನಮ್ಮಪ್ಪನ ಹತ್ರ ಮಾತಾಡ್ತೀನಿ."

ಅವಳ ಕಣ್ಣು ತುಂಬಿತು. ಎಷ್ಟು ದಿನದಿಂದ ಕಾದಿದ್ದ ಮಾತೋ ಏನೋ. ಆದರೂ ಪೆಟ್ಟಿಗೆಯನ್ನು ಅವನ ಎದೆಗೊತ್ತಿ ವಾಪಸ್ ಕೊಟ್ಟಳು.

"ಮೈಕಲ್ಲಿ ಹೇಳಕ್ಕಾಗಲ್ಲ ಅಂದ್ರೆ ಬೇಡ," ಎಂದಳು.